ಆರಿದ್ರಾ ಮಳೆಯಲ್ಲಿ ತಪ್ಪಿದ ಒಂದು ಹಂಗಾಮು

ಹಾಸನದ ಸುತ್ತಮುತ್ತ ಮುಂಗಾರಿನ ಆಲೂಗಡ್ಡೆಯನ್ನು ಮೇ ತಿಂಗಳಲ್ಲಿ ನೆಡುತ್ತಾರೆ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಂದ ಬಿತ್ತನೆ ಗಡ್ಡೆ ಎಪಿಎಂಸಿ ಪ್ರಾಂಗಣದಲ್ಲಿ ಇಳಿಯುತ್ತದೆ. ರೈತರು ಮೂಟೆ ಬಿಚ್ಚಿಸಿ, ಗಡ್ಡೆ ಹೆಚ್ಚಿ ಒಳಗೆ ಕೊಳೆತಿಲ್ಲವೆಂದು ನೋಡಿ ಕೊಂಡುಹೋಗುತ್ತಾರೆ. ಮೊದಲ ಮಳೆಗೆ ಹದವಾದ ಕೆಂಪು ಮಣ್ಣಿನಲ್ಲಿ ನೆಟ್ಟರೆ ನಲವತ್ತು, ನಲವತ್ತೈದು ದಿನಕ್ಕೆ ಗಿಡದ ಎಲೆ ಸಾಲುಗಳ ನಡುವಿನ ನೆಲವನ್ನು ಮುಚ್ಚುತ್ತದೆ. ಅಷ್ಟರಲ್ಲಿ ಜಡಿಮಳೆ ಹಿಡಿದು, ಮೂರು ನಾಲ್ಕು ದಿನ ಬಿಸಿಲು ಕಾಣದೆ ಎಲೆ ಒದ್ದೆಯಾಗಿಯೇ ಉಳಿದರೆ ಎಲೆ ಸುಟ್ಟಂತೆ ಕರ್ರಗಾಗುವ ಅಂಗಮಾರಿ ರೋಗ ಬರುತ್ತದೆ. ನನ್ನ ಪಿಎಚ್‌.ಡಿ. ಇರುವುದು ಆ ಮೂರು ನಾಲ್ಕು ವಾರಗಳ ಒಳಗೆ. 2022ರಲ್ಲಿ ಆ ವಾರಗಳು ಬಂದಾಗ ನಾನು ತವರುಮನೆಯ ಬಾಣಂತಿ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ಹುಟ್ಟಿ ಆರು ದಿನವಾಗಿದ್ದ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಕೇಳುತ್ತಿದ್ದೆ.

ಆರಿದ್ರಾ ಮಳೆ ಬಂದರೆ ದಾರಿದ್ರ್ಯವಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದು ರಾಗಿ ಬೆಳೆಯುವವರ ಮಾತು. ಆಲೂಗಡ್ಡೆ ಬೆಳೆಯುವವರು ಅದೇ ಮಳೆಗೆ ಹೆದರುತ್ತಾರೆ, ಅದನ್ನು ಅಧ್ಯಯನ ಮಾಡುವವಳು ಅದಕ್ಕಾಗಿ ಒಂದು ವರ್ಷ ಕಾಯುತ್ತಾಳೆ. ನನ್ನ ಮಗಳು ಹುಟ್ಟಿದ್ದು ಆರಿದ್ರಾ ಮಳೆಯ ಕೊನೆಯ ಪಾದದಲ್ಲಿ. ಅವಳು ಹುಟ್ಟಿದ ವಾರವೇ, ಜೂನ್ ತಿಂಗಳಿಡೀ ಹಿಂದುಮುಂದು ನೋಡುತ್ತಿದ್ದ ಮಳೆ ಮಲೆನಾಡಿನ ಮೇಲೆ ಹಿಡಿದು ಸುರಿಯಿತು.

2021ರ ಡಿಸೆಂಬರಿನಲ್ಲಿ ನಾನು ವಿಷಯವನ್ನು ಮಾರ್ಗದರ್ಶಕರಿಗೆ ತಿಳಿಸಿದ್ದೆ. ಹೇಳಬೇಕಾದುದನ್ನು ಬಸ್ಸಿನಲ್ಲಿ ಕುಳಿತು ಹತ್ತು ಬಾರಿ ಮನಸ್ಸಿನಲ್ಲಿ ಹೇಳಿಕೊಂಡಿದ್ದರೂ ಅವರ ಕೋಣೆಯಲ್ಲಿ ಒಂದೇ ವಾಕ್ಯ ಹೊರಬಂತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಒಳ್ಳೇದಾಗಲಿ ಅಮ್ಮ, ಆರೋಗ್ಯ ನೋಡ್ಕೊ" ಎಂದರು, ಸ್ವಲ್ಪ ಹೊತ್ತಿನ ಬಳಿಕ, "ಡೇಟ್ ಯಾವಾಗ?" ಎಂದು ಕೇಳಿದರು. ಜುಲೈ ಮೊದಲ ವಾರ ಎಂದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಅವರೂ ನನ್ನಂತೆಯೇ ಮೇ ತಿಂಗಳಿನಿಂದ ವಾರಗಳನ್ನು ಎಣಿಸುತ್ತಿದ್ದರು ಎಂಬುದು ನನಗೆ ಗೊತ್ತಾಯಿತು.

ನಿಯಮ ನನ್ನ ಪರವಾಗಿಯೇ ಇತ್ತು. ನಾನು ನೋಂದಣಿಯಾದದ್ದು 2021ರ ಆರಂಭದಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಾವಳಿಯ ಕೆಳಗೆ. ಪಿಎಚ್‌.ಡಿ. ಮಾಡುವ ಮಹಿಳೆಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡಬಹುದು, ಆರು ವರ್ಷಗಳ ಗರಿಷ್ಠ ಅವಧಿಯ ಮೇಲೆ ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಿಗಬಹುದು ಎಂದು ಅದರಲ್ಲಿದೆ. 2022ರ ಹೊಸ ನಿಯಮಾವಳಿಯೂ ಆ 240 ದಿನಗಳನ್ನು ಉಳಿಸಿಕೊಂಡಿದೆ. ನಾನು ಮಾರ್ಗದರ್ಶಕರಿಗೆ ವಿಷಯ ತಿಳಿಸಿದ ಅದೇ ಡಿಸೆಂಬರಿನಲ್ಲಿ ಆಯೋಗವು ಸ್ನಾತಕ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಾತಿಯ ಸಡಿಲಿಕೆ ಕೊಡುವಂತೆ ನಿಯಮ ರೂಪಿಸಲು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಇವು ಸಣ್ಣ ಸಂಗತಿಗಳಲ್ಲ. ನಮಗಿಂತ ಹಿಂದಿನ ತಲೆಮಾರಿನ ಎಷ್ಟೋ ಹೆಂಗಸರು ಮದುವೆಯ ನಂತರ ನೋಂದಣಿಯನ್ನೇ ಬಿಟ್ಟಿದ್ದಾರೆ. ಅವರ ಕೈಯಲ್ಲಿ ತೋರಿಸಲು ಇಂಥ ಒಂದು ಕಾಗದವೂ ಇರಲಿಲ್ಲ.

ಆದರೆ 240 ದಿನ ಎಂಬುದು ಕಚೇರಿಯ ಲೆಕ್ಕ. ಜೂನ್ ಮಧ್ಯದಲ್ಲಿ ರಜೆ ಹಾಕಿದರೆ ಫೆಬ್ರುವರಿ ಮಧ್ಯದಲ್ಲಿ ಅದು ಮುಗಿಯುತ್ತದೆ. ಫೆಬ್ರುವರಿಯಲ್ಲಿ ನನ್ನ ತಾಕುಗಳಲ್ಲಿ, ಅಂದರೆ ಪ್ರಯೋಗಕ್ಕೆಂದು ಗುರುತಿಸಿದ ಹೊಲದ ತುಣುಕುಗಳಲ್ಲಿ, ಗಿಡವಿರುವುದಿಲ್ಲ, ಗಿಡವಿದ್ದರೂ ರೋಗವಿರುವುದಿಲ್ಲ. ಮುಂದಿನ ಮುಂಗಾರು ಬಂದು ಗಿಡ ಸಾಲು ಮುಚ್ಚುವವರೆಗೆ ನಾನು ಕಾಯಲೇಬೇಕು. ನಿಯಮದ ಎಂಟು ತಿಂಗಳು ಹೊಲದಲ್ಲಿ ಪೂರಾ ಒಂದು ವರ್ಷವಾಗುತ್ತದೆ. ಗ್ರಂಥಾಲಯದಲ್ಲಿ ಕುಳಿತು ಮಾಡುವ ಸಂಶೋಧನೆಯನ್ನು ನಿಲ್ಲಿಸಿದ ಪುಟದಿಂದ ಮತ್ತೆ ಎತ್ತಿಕೊಳ್ಳಬಹುದೇನೋ, ಅದೂ ಸುಲಭವೆಂದು ನಾನು ಹೇಳಲಾರೆ. ಮಳೆ, ಬೆಳೆ, ಕೀಟ, ಹಕ್ಕಿ, ಹೂವು, ಇವುಗಳ ಮೇಲೆ ಕೆಲಸ ಮಾಡುವವರಿಗೆ ಆ ಅವಕಾಶವಿಲ್ಲ.

ಬಸುರಿನ ತಿಂಗಳುಗಳಲ್ಲಿ ನಾನು ಬಿಡಬೇಕಾದ ಕೆಲಸಗಳು ಒಂದೊಂದಾಗಿ ಹೆಚ್ಚಾದವು. ಡಿಎನ್‌ಎ ನೋಡಲು ಜೆಲ್‌ಗೆ ಬೆರೆಸುವ ಎಥಿಡಿಯಂ ಬ್ರೋಮೈಡ್ ಆನುವಂಶಿಕ ವಸ್ತುವನ್ನೇ ಕೆಡಿಸಬಲ್ಲ ರಾಸಾಯನಿಕ. ಕೈಗವಸು ಹಾಕಿಕೊಂಡರೂ ಆ ಮೇಜಿನ ಬಳಿ ನಿಲ್ಲಬಾರದೆಂದು ನಿರ್ಧರಿಸಿ ಜೆಲ್ ಓಡಿಸುವುದನ್ನು ಕಿರಿಯ ಸಹಪಾಠಿಗೆ ಒಪ್ಪಿಸಿದೆ. ಮ್ಯಾಂಕೋಜೆಬ್ ಸಿಂಪಡಿಸುವ ತಾಕುಗಳ ಕಡೆಗೂ ಹೋಗಲಿಲ್ಲ. ಅಂಗಮಾರಿಗೆ ನಮ್ಮ ರೈತರು ಮೊದಲು ಕೈಹಾಕುವುದೇ ಆ ಪುಡಿಗೆ. ಸಂತಾನೋತ್ಪತ್ತಿಗೆ ಹಾನಿಕರ ಎಂಬ ವರ್ಗದಲ್ಲಿಟ್ಟು ಐರೋಪ್ಯ ಒಕ್ಕೂಟವು 2020ರಲ್ಲಿ ಅದರ ಅನುಮತಿಯನ್ನು ನವೀಕರಿಸದೆ ಕೈಬಿಟ್ಟಿತು. ಇದನ್ನು ಓದಿದ ರಾತ್ರಿ ನನಗೆ ನನ್ನ ಮಗುವಿನ ಚಿಂತೆಯ ಜೊತೆಗೆ ಇನ್ನೊಂದು ನೆನಪೂ ಬಂತು. 2021ರ ಹಂಗಾಮಿನಲ್ಲಿ, ಬೆಳಿಗ್ಗೆ ಔಷಧಿ ಹೊಡೆದ ಹೊಲದಲ್ಲಿ ಮಧ್ಯಾಹ್ನ ಕಳೆ ಕೀಳಲು ಬಂದ ಆಳುಗಳ ಪೈಕಿ ಒಬ್ಬಾಕೆ ತುಂಬಿದ ಬಸುರಿ. ನಾನು ಆಗ ನನ್ನ ಎಲೆಗಳನ್ನು ಎಣಿಸುವುದರಲ್ಲಿದ್ದೆ, ಒಂದು ಮಾತೂ ಆಡಲಿಲ್ಲ. ನನಗೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವ ಅನುಕೂಲವಿತ್ತು. ಆಕೆ ಒಪ್ಪಿಸಿದ್ದರೆ ಅಂದಿನ ಕೂಲಿ ಹೋಗುತ್ತಿತ್ತು.

ನಾನು ಅಭ್ಯಸಿಸುವ, ಅಂಗಮಾರಿಯನ್ನು ತರುವ ಜೀವಿಯ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ಅರ್ಥವಾಗದು. ಫೈಟಾಫ್ತೊರಾ ಇನ್ಫೆಸ್ಟನ್ಸ್ ಎಂಬುದು ಅದರ ಹೆಸರು. ನೋಡಲು ಬೂಷ್ಟಿನಂತೆ, ಎಲೆಯ ಅಡಿಯಲ್ಲಿ ಬೆಳ್ಳಗಿನ ನವಿರಾಗಿ ಕಾಣುತ್ತದೆ. ಆದರೆ ಅದು ಶಿಲೀಂಧ್ರವಲ್ಲ, ವಂಶದಲ್ಲಿ ಕಂದು ಪಾಚಿಗಳಿಗೆ ಹತ್ತಿರದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ಕಾರಣವಾದದ್ದು ಇದೇ. ನಮ್ಮಲ್ಲಿ 2008ರ ನಂತರದ ಮುಂಗಾರುಗಳಲ್ಲಿ ಇದರ ಹೊಸ ತಳಿಯೊಂದು ದಕ್ಷಿಣ ಭಾರತದ ಆಲೂಗಡ್ಡೆ, ಟೊಮೆಟೊ ಹೊಲಗಳನ್ನು ಸುಟ್ಟಿತು. ಹಳೆಯ ಔಷಧಿ ಮೆಟಲಾಕ್ಸಿಲ್ ಅದಕ್ಕೆ ನಾಟುತ್ತಿರಲಿಲ್ಲ. ಹಾಸನದ ಎಷ್ಟೋ ರೈತರು ಆ ವರ್ಷಗಳಲ್ಲಿ ಸೋತು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದರು. ಹೊಲದಿಂದ ತಂದ ರೋಗದ ಎಲೆಯಿಂದ ಈ ಜೀವಿಯನ್ನು ಬೇರ್ಪಡಿಸಿ, ರೈ ಕಾಳಿನ ಕಷಾಯ ಸೇರಿಸಿದ ಅಗರ್ ತಟ್ಟೆಯಲ್ಲಿ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಬೆಳೆಸಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಹೊಸ ತಟ್ಟೆಗೆ ದಾಟಿಸಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮರೆಯುವ ಜೀವಿಯಲ್ಲ ಅದು. ಊಟ ಕೊಡದಿದ್ದರೆ ಸಾಯುತ್ತದೆ.

2021ರ ಹಂಗಾಮಿನಿಂದ ನನ್ನ ಬಳಿ ಹೀಗೆ ಬೇರ್ಪಡಿಸಿ ಬೆಳೆಸಿದ 31 ಮಾದರಿಗಳಿದ್ದವು. ರಜೆಗೆ ಹೋಗುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ ಯಾವುದನ್ನು ಯಾವ ವಾರ ದಾಟಿಸಬೇಕೆಂದು ಬರೆದು ಆ ಕಿರಿಯ ಸಹಪಾಠಿಯ ಕೈಗೆ ಕೊಟ್ಟೆ. ಆಕೆ ನಿಜವಾಗಿಯೂ ಶ್ರಮಪಟ್ಟಳು. ಆದರೆ ಆಕೆಗೂ ಆಕೆಯದೇ ಸಂಶೋಧನೆಯಿತ್ತು, ಪರೀಕ್ಷೆಯಿತ್ತು, ದೀಪಾವಳಿಗೆ ಊರಿಗೆ ಹೋಗುವುದಿತ್ತು. ನನ್ನ ತಟ್ಟೆಗಳನ್ನು ಸಾಕುವುದಕ್ಕೆ ಯಾರೂ ಆಕೆಗೆ ಒಂದು ರೂಪಾಯಿಯನ್ನಾಗಲಿ ಒಂದು ಗಂಟೆಯನ್ನಾಗಲಿ ಕೊಟ್ಟಿರಲಿಲ್ಲ. ಫೆಬ್ರುವರಿಯಲ್ಲಿ ನಾನು ಮರಳಿ ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ 12 ಉಳಿದಿದ್ದವು. ಆಕೆ ಹಿಂದೆ ನಿಂತು ಅಳುತ್ತಿದ್ದಳು. ಆ ಅಳುವಿಗೆ ಆಕೆ ಕಾರಣಳಲ್ಲ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಇದನ್ನೇ. ನಮಗೆ ಸಿಗುವ ರಜೆ ನಮ್ಮನ್ನು ಕೆಲಸದಿಂದ ಬಿಡಿಸುತ್ತದೆ, ಆದರೆ ಕೆಲಸವನ್ನು ಬದುಕಿಸಿಡುವುದಿಲ್ಲ. ಅಧ್ಯಾಪಕರೊಬ್ಬರು ರಜೆಗೆ ಹೋದರೆ ಅವರ ತರಗತಿಗೆ ಅತಿಥಿ ಉಪನ್ಯಾಸಕರು ಬರುತ್ತಾರೆ. ಸಂಶೋಧನಾ ವಿದ್ಯಾರ್ಥಿನಿ ರಜೆಗೆ ಹೋದರೆ ಆಕೆಯ ತಾಕಿಗೆ, ತಟ್ಟೆಗೆ, ಮಳೆಮಾಪಕಕ್ಕೆ ಯಾರೂ ಬರುವುದಿಲ್ಲ. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯು ಉದ್ಯೋಗಸ್ಥ ಮಹಿಳೆಗೆ 26 ವಾರಗಳ ವೇತನಸಹಿತ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯ ಮಾಡಿತು. ಫೆಲೋಶಿಪ್ ಪಡೆಯುವ ನಾವು ನೌಕರರ ಪಟ್ಟಿಯಲ್ಲಿಲ್ಲ. ವಿರಾಮದ ನಂತರ ಸಂಶೋಧನೆಗೆ ಮರಳುವ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಎರಡು ದಶಕಗಳಿಂದ ಮಹಿಳಾ ವಿಜ್ಞಾನಿಗಳ ಯೋಜನೆಗಳನ್ನು ನಡೆಸುತ್ತಿದೆ, ಅವುಗಳಿಂದ ಮತ್ತೆ ಪ್ರಯೋಗಾಲಯ ಸೇರಿದವರನ್ನು ನಾನು ಬಲ್ಲೆ. ಆದರೆ ಅದು ದಾರ ಕಡಿದ ಮೇಲೆ ಗಂಟು ಹಾಕುವ ಸಹಾಯ. ನನ್ನ ತಾಕುಗಳಲ್ಲಿ ನಾಲ್ಕು ತಿಂಗಳು ವಾರಕ್ಕೊಮ್ಮೆ ರೋಗ ಎಣಿಸಲು ತರಬೇತಾದ ಒಬ್ಬ ಸಹಾಯಕನಿಗೆ ಸಂಬಳ ಕೊಟ್ಟಿದ್ದರೆ ದಾರ ಕಡಿಯುತ್ತಲೇ ಇರಲಿಲ್ಲ. ಹೆರಿಗೆ ರಜೆಯ ಮಂಜೂರಾತಿಯ ಜೊತೆಯಲ್ಲೇ ಈ ಹಣವೂ ಬರಬೇಕು.

ಬಾಣಂತನ ಹೇಗಿತ್ತು ಎಂದು ಕೇಳುವವರಿಗೆ ನಾನು ಒಂದೇ ಉತ್ತರ ಕೊಡಲಾರೆ. ನಸುಕಿನಲ್ಲಿ ಅಮ್ಮ ಹಂಡೆಯ ಒಲೆ ಹಚ್ಚುತ್ತಿದ್ದಳು. ಎಣ್ಣೆ ಹಚ್ಚಿ, ಚರ್ಮ ಕೆಂಪಾಗುವ ಬಿಸಿನೀರು ಹುಯ್ದು, ತಲೆಗೂದಲಿಗೆ ಧೂಪದ ಹೊಗೆ ಹಿಡಿದು, ಸೊಂಟಕ್ಕೆ ಹಳೆಯ ಸೀರೆ ಬಿಗಿದು ಮಲಗಿಸುತ್ತಿದ್ದಳು. ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಸೊಪ್ಪು, ಬಿಸಿ ಅನ್ನಕ್ಕೆ ತುಪ್ಪ. ಮಗುವಿನ ನೆತ್ತಿಗೆ ಹರಳೆಣ್ಣೆ ಇಟ್ಟು, ಕಾಲ ಮೇಲೆ ಬೋರಲು ಹಾಕಿಕೊಂಡು ನೀರೆರೆಯುವ ಅಜ್ಜಿಯೊಬ್ಬರು ಪಕ್ಕದ ಬೀದಿಯಿಂದ ಬರುತ್ತಿದ್ದರು. ನೀರೆರೆಸಿಕೊಂಡ ಮಗು ಮೂರು ಗಂಟೆ ಮಿಸುಕದೆ ನಿದ್ದೆ ಹೋಗುತ್ತಿತ್ತು. ಆ ಮೂರು ಗಂಟೆ ನನ್ನದು. ಓದಬಾರದು, ಕಣ್ಣು ಹೋಗುತ್ತದೆ ಎಂದು ಅಮ್ಮ ಮೊಬೈಲನ್ನು ತೆಗೆದಿಡುತ್ತಿದ್ದಳು. ನಾನು ಕೇಳಿ ಪಡೆಯುತ್ತಿದ್ದೆ. ಕೆಲವೊಮ್ಮೆ ಒಂದು ಪ್ರಬಂಧದ ಎರಡು ಪುಟ ಓದುವಷ್ಟರಲ್ಲಿ ಪುಟ ಮಬ್ಬಾಗುತ್ತಿತ್ತು. ಮೊಲೆ ಕಟ್ಟಿ ಜ್ವರ ಬಂದ ರಾತ್ರಿಗಳಲ್ಲಿ, ಇಷ್ಟು ಜನ ಸುತ್ತ ಇದ್ದೂ ಮಗುವಿಗೆ ಹಾಲು ಕೊಡಬೇಕಾದವಳು ನಾನೊಬ್ಬಳೇ ಎಂಬುದು ತಿಳಿದು ಕಂಗೆಟ್ಟಿದ್ದೇನೆ. ಆದರೆ ಮಗಳು ಮೊದಲ ಬಾರಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ ಆ ಸಂಜೆಯನ್ನು, ಆಗ ಒಳಗೆ ತುಂಬಿ ಬಂದದ್ದನ್ನು, ಯಾವ ಹಂಗಾಮಿನ ಲೆಕ್ಕಕ್ಕೂ ನಾನು ಎದುರಿಟ್ಟು ತೂಗಲಾರೆ. ಆ ಎರಡನ್ನೂ ತೂಗಿಸುವಂತೆ ನಮ್ಮನ್ನು ಕೇಳುವವರ ಪ್ರಶ್ನೆಯೇ ತಪ್ಪು.

ಇಷ್ಟೆಲ್ಲ ಮಾಡಲು ನನಗೆ ಅಮ್ಮ ಇದ್ದಳು, ಆರೋಗ್ಯವಾಗಿದ್ದಳು, ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದಳು. ತಾಯಿ ಇಲ್ಲದವರು, ತವರು ದೂರವಿರುವವರು, ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾಗಿ ತವರೇ ಮುಚ್ಚಿಹೋದವರು ನನ್ನ ವಿಭಾಗದಲ್ಲೇ ಇದ್ದಾರೆ. ನಮ್ಮ ವಿಶ್ವವಿದ್ಯಾಲಯಗಳು ತಮ್ಮ ಹೆಣ್ಣುಮಕ್ಕಳ ಪಿಎಚ್‌.ಡಿ.ಯನ್ನು ಹಾಸನ, ಅರಕಲಗೂಡು, ಕಡೂರಿನ ಅಮ್ಮಂದಿರ ಬೆನ್ನಮೇಲೆ ನಡೆಸುತ್ತಿವೆ, ಆ ದುಡಿಮೆ ಯಾವ ವರದಿಯಲ್ಲೂ ಬರುವುದಿಲ್ಲ.

ತಾಯಿ ಕಾರ್ಡ್ ತುಂಬುತ್ತಾ ಹೋಯಿತು. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ. ಆರು, ಹತ್ತು, ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ದಿನ ನೆನಪಿಸುತ್ತಿದ್ದರು. ಅತ್ತ ನನ್ನ ಫೆಲೋಶಿಪ್ ನಿಂತಿತ್ತು. ವಿಶ್ವವಿದ್ಯಾಲಯದಿಂದ ಪ್ರತಿ ತಿಂಗಳೂ ದೃಢೀಕರಣ ಹೋದರೆ ಮಾತ್ರ ಹಣ ಖಾತೆಗೆ ಬರುತ್ತದೆ. ರಜೆಯಲ್ಲಿರುವವಳಿಗೆ ದೃಢೀಕರಣ ಹೇಗೆ ಕೊಡುವುದು ಎಂದು ಕಚೇರಿಯವರು ಕಡತವನ್ನು ಪಕ್ಕಕ್ಕಿಟ್ಟಿದ್ದರು. ಹೆರಿಗೆ ರಜೆಯಲ್ಲೂ ಸರ್ಕಾರದ ನಿಯಮದಂತೆ ಪೂರ್ಣ ಫೆಲೋಶಿಪ್ ಕೊಡಬೇಕೆಂಬುದು ಮಾರ್ಗಸೂಚಿಯಲ್ಲೇ ಇದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಪತ್ರ ಬರೆದು, ಯಜಮಾನರು ಸಕಲೇಶಪುರದ ತಮ್ಮ ಕಾಲೇಜಿಗೆ ರಜೆ ಹಾಕಿ ಹೋಗಿ ಕೊಟ್ಟು ಬಂದರು, ಎರಡು ಬಾರಿ. ತಿಂಗಳಿಗೆ 31,000ದಂತೆ ಆರು ತಿಂಗಳ 1,86,000 ರೂಪಾಯಿ ಕೈಗೆ ಬಂದಾಗ ಮಗು ಹತ್ತು ತಿಂಗಳಿನದಾಗಿ ಗೋಡೆ ಹಿಡಿದು ನಿಲ್ಲುತ್ತಿತ್ತು. ಆವರೆಗೆ ನಡೆದದ್ದು ಅವರೊಬ್ಬರ ಸಂಬಳದಲ್ಲಿ.

ವಿಭಾಗಕ್ಕೆ ಮರಳಿದ ಮೇಲೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರರ ಬಸ್ಸು ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದೆ. ಅಮ್ಮ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ರಾಗಿಯ ಸರಿಯನ್ನು ಮಗು ಆಗಲೇ ತಿನ್ನಲು ತೊಡಗಿತ್ತು, ಆದರೂ ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಕಲ್ಲಾಗುತ್ತಿತ್ತು. ಹಾಲು ಹಿಂಡಲು ಚಿಲಕವಿರುವ ಕೋಣೆ ಎಂದರೆ ಶೌಚಾಲಯ ಒಂದೇ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಆದರೆ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ತಿನ್ನುವ ಕುಡಿಯುವ ಪದಾರ್ಥ ಇಡಬಾರದು, ಆ ನಿಯಮ ಸರಿಯಾದದ್ದೇ. ಮೊದಲ ಎರಡು ವಾರ ಚೆಲ್ಲಿದೆ. ಆಮೇಲೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಕ್ಕ ಒಬ್ಬರು, ಏನನ್ನೂ ಕೇಳದೆಯೇ, ತಮ್ಮ ಫ್ರಿಜ್ಜಿನ ಮೇಲಿನ ಅರೆಯಿಂದ ಮೊಸರಿನ ಪಾತ್ರೆ ತೆಗೆದು ಜಾಗ ಮಾಡಿಕೊಟ್ಟರು. 2023ರಲ್ಲಿ ರಾಜ್ಯ ಸರ್ಕಾರವು ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಾಗ ನನಗೆ ಬಹಳ ಸಂತೋಷವಾಯಿತು. ಹೊಲದಲ್ಲಿ ಕಂಡ ಆ ಬಸುರಿ ಹೆಂಗಸಿನ ಮಗುವಿಗೆ ಅಲ್ಲೊಂದು ಜಾಗ ಸಿಕ್ಕಿರಲಿ ಎಂದು ಹಾರೈಸಿದೆ. ಅಂಥದೊಂದು ಕೋಣೆ ನನ್ನ ವಿಭಾಗದ ಆವರಣದಲ್ಲಿ ಇಂದಿಗೂ ಇಲ್ಲ.

2023ರ ಮೇ ತಿಂಗಳಲ್ಲಿ ಮತ್ತೆ ನೆಟ್ಟೆವು. ಕಳೆದುಹೋದದ್ದನ್ನು ಆ ವರ್ಷ ಹಿಡಿಯಬಹುದೆಂದುಕೊಂಡಿದ್ದೆ. ಜೂನ್ ಒಣಗಿತು. ಜುಲೈ ಮಳೆಯಾಯಿತಾದರೂ ಆಗಸ್ಟ್ ಮತ್ತೆ ಬತ್ತಿತು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಬಾಡಿದ, ಅರೆಬೆಳೆದ ನನ್ನ ಗಿಡಗಳಲ್ಲಿ ರೋಗ ಎಣಿಸುವಷ್ಟೂ ಬರಲಿಲ್ಲ. ರೈತರ ಪಾಲಿಗೆ ಅದು ಬೇರೆಯೇ ನಷ್ಟ, ಅದರ ಮುಂದೆ ನನ್ನದು ಚಿಕ್ಕದು. ಆದರೆ ಎರಡು ವರ್ಷ ಅಂಕಿಯಿಲ್ಲದೆ ಕುಳಿತಾಗ, ಮಳೆ ಹಿಡಿದು ರೋಗ ಚೆನ್ನಾಗಿ ಬಂದ 2022 ಎಂಥ ಹಂಗಾಮಾಗಿತ್ತು ಎಂಬುದು ನನಗೆ ಅರ್ಥವಾಯಿತು. ತಪ್ಪಿದ ಒಂದು ವರ್ಷ ಹೀಗೆ ಎರಡಾಗಿ, 2024ರ ಜುಲೈನ ಭಾರಿ ಮಳೆಯಲ್ಲಿ ನನ್ನ ಎರಡನೆಯ ಹಂಗಾಮಿನ ಅಂಕಿಅಂಶ ಸಿಕ್ಕಿತು. ಪ್ರಬಂಧ ಒಪ್ಪಿಸಲು ಮಹಿಳೆಗೆ ಹೆಚ್ಚುವರಿ ಎರಡು ವರ್ಷವಿದೆ. ಫೆಲೋಶಿಪ್ ಮಾತ್ರ ಒಟ್ಟು ಐದು ವರ್ಷಕ್ಕೇ ಮುಗಿಯುತ್ತದೆ. ಸಮಯ ಸಿಗುತ್ತದೆ, ಆ ಸಮಯದಲ್ಲಿ ಉಣ್ಣುವುದಕ್ಕೆ ಸಿಗುವುದಿಲ್ಲ.

2022ರ ಹಂಗಾಮು ಪೂರಾ ಬರಿದಾಗಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ನನ್ನ ತಾಕುಗಳಿದ್ದ ಹೊಲದ ಮನೆಯಾಕೆಯನ್ನು ನಾನು ಅಕ್ಕ ಎಂದೇ ಕರೆಯುವುದು. ಮಗುವನ್ನು ತೋರಿಸಲು ಮೊದಲ ಬಾರಿ ಅವರ ಮನೆಗೆ ಹೋದಾಗ, ಮಡಿಲಕ್ಕಿ ಕಟ್ಟಿದ ಮೇಲೆ, ಗೋಡೆಗೆ ತೂಗುಹಾಕಿದ್ದ ಹಿಂದಿನ ವರ್ಷದ ಕ್ಯಾಲೆಂಡರನ್ನು ಇಳಿಸಿ ತಂದು ಜುಲೈ ಪುಟ ತೆರೆದರು. "ನೀವು ಬರಕಾಗಲ್ಲ ಅಂದಿದ್ರಲ್ಲ ಮೇಡಂ, ಅದಕ್ಕೆ ನಾನೇ ನೋಡ್ತಿದ್ದೆ" ಎಂದರು. ಒಂದು ಚೌಕದಲ್ಲಿ ಪೆನ್ಸಿಲಿನಲ್ಲಿ 'ಮಗು' ಎಂದಿತ್ತು. ನಮ್ಮ ಮನೆಯಿಂದ ಫೋನ್ ಹೋದ ದಿನ ಅದು. ಎರಡು ಚೌಕ ದಾಟಿ 'ಎಲೆ ಕರ್ರಗೆ, ಕೆರೆ ಕಡೆ ಸಾಲು' ಎಂದಿತ್ತು. ಅಲ್ಲಿಂದ ಮುಂದೆ ಪ್ರತಿ ಸೋಮವಾರ, ಎಷ್ಟು ಸಾಲಿಗೆ ಹಬ್ಬಿತು ಎಂಬ ಅಂಕಿ. ಐದು ವಾರ.

ಅಕ್ಕನ ಅಂಕಿಗಳನ್ನು ಪ್ರಬಂಧದ ವಿಶ್ಲೇಷಣೆಯಲ್ಲಿ ಸೇರಿಸಲಾಗದು. ಎಲೆಯ ಎಷ್ಟು ಭಾಗ ಸುಟ್ಟಿದೆ ಎಂಬ ಶೇಕಡಾವಾರು ಅಳತೆ ಅವರಿಗೆ ಗೊತ್ತಿರಲಿಲ್ಲ, ನಾನು ಕಲಿಸಿಯೂ ಇರಲಿಲ್ಲ. ಕಲಿಸಿದ್ದರೆ, ಅದಕ್ಕೆ ಅವರಿಗೆ ಕೂಲಿ ಕೊಡಿಸಿದ್ದರೆ, ಅಷ್ಟು ಸಾಕಿತ್ತು ಎಂದು ಆ ಕ್ಯಾಲೆಂಡರ್ ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಅನ್ನಿಸಿದ್ದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಈಗ ನಾಲ್ಕನೆಯ ಅಧ್ಯಾಯ ಬರೆಯುತ್ತಿದ್ದೇನೆ. ಅದರ ಮೊದಲ ಕೋಷ್ಟಕದಲ್ಲಿ ವರ್ಷಗಳ ಸಾಲಿದೆ. 2023ರ ಮುಂದೆ 'ಬರ. ರೋಗ ಎಣಿಕೆಗೆ ಸಾಲದು' ಎಂದು ಬರೆದೆ. 2022ರ ಸಾಲನ್ನೇ ತೆಗೆದುಬಿಡಬಹುದು, ಕೋಷ್ಟಕ ಚೊಕ್ಕಟವಾಗುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ಉಪಕರಣ ಕೆಟ್ಟರೆ ಕಾರಣ ಬರೆಯುತ್ತೇವೆ, ಮಳೆ ಕೈಕೊಟ್ಟರೆ ಬರೆಯುತ್ತೇವೆ. ನಾನು 'ಸಂಶೋಧಕಿಯ ಹೆರಿಗೆ ರಜೆ. ಕ್ರಮಬದ್ಧ ಎಣಿಕೆ ಇಲ್ಲ. ರೋಗದ ಮೊದಲ ಲಕ್ಷಣ ಜುಲೈ 5, ಹೊಲದ ಮಾಲೀಕರ ದಾಖಲೆಯಂತೆ' ಎಂದು ಬರೆದು ಕಳುಹಿಸಿದೆ. ಕರಡು ಕಳೆದ ವಾರ ಮರಳಿ ಬಂತು. ಪುಟದ ತುಂಬ ಮಾರ್ಗದರ್ಶಕರ ತಿದ್ದುಪಡಿಗಳಿದ್ದವು, ಆ ಸಾಲಿನಲ್ಲಿ ಒಂದೇ ಒಂದು ಪದವನ್ನು ಹೊಡೆದು ಬೇರೆ ಬರೆದಿದ್ದರು: 'ಮಾಲೀಕರ' ಎಂಬುದನ್ನು ತೆಗೆದು ಅಕ್ಕನ ಹೆಸರು ಹಾಕುವಂತೆ.